ಮುಳುಗಡೆ ಅಕ್ಕನ ಬಾವಲಿಗಳು

ಕೋಗಿಲೆ ಕೂಗಿದರೆ ಆಕೆ ರಾಟಿ ನಿಲ್ಲಿಸುತ್ತಿದ್ದಳು. ಕೇಳುವುದಕ್ಕಲ್ಲ, ಬೈಯುವುದಕ್ಕೆ. ರಾಟಿಯ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು, ಓಣಿಯ ಬೇವಿನ ಗಿಡದ ಕಡೆ ಮುಖ ಮಾಡಿ, "ಹಾಡು ಹಾಡು, ನಿನಗೇನು ಕೆಲಸ ಐತಿ? ಹಡದದ್ದು ಮಂದಿ ಮನ್ಯಾಗ ಇಟ್ಟು ಬಂದಿ" ಎನ್ನುತ್ತಿದ್ದಳು. ಬೈದು ಮುಗಿದ ಮೇಲೆ ತಾನೇ ನಕ್ಕು ಮತ್ತೆ ನೂಲು ಸುತ್ತತೊಡಗುತ್ತಿದ್ದಳು.

ಹೋದ ತಿಂಗಳು ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಬೀಳಗಿ ಕಡೆಯ ಪರಿಚಯದವರೊಬ್ಬರು ಸಿಕ್ಕು, ಆಕೆ ತೀರಿಹೋದ ಸುದ್ದಿ ಹೇಳಿದರು. ಮಲಗಿದವಳು ಬೆಳಿಗ್ಗೆ ಏಳಲಿಲ್ಲವಂತೆ. ಮಗಳು, ಮೊಮ್ಮಕ್ಕಳು ಹತ್ತಿರವೇ ಇದ್ದರಂತೆ. ಒಳ್ಳೆಯ ಸಾವು ಎಂದರು ಅವರು. ನಾನೂ ಹೌದು ಎಂದೆ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಏನೂ ಕೇಳಲಿಲ್ಲ. ಅವಳು ಕೇಳದೆ ಬಿಟ್ಟದ್ದಕ್ಕೆ ಈಗ ಬರೆಯುತ್ತಿದ್ದೇನೆ.

ಆಕೆಯ ಹೆಸರು ಬರೆಯುವುದಿಲ್ಲ. ನನ್ನ ಓಣಿಯಲ್ಲಿ ಅದನ್ನು ಯಾರೂ ಬಳಸುತ್ತಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಆಕೆ "ಮುಳುಗಡಿ ಅಕ್ಕ."

ನಾವು ಬನಹಟ್ಟಿಯ ನೇಕಾರರು. ನನ್ನ ಅಜ್ಜನ ಕಾಲದಿಂದ ಅದೇ ಓಣಿ, ಅದೇ ಮನೆ. ಆಲಮಟ್ಟಿಯ ಹಿನ್ನೀರು ಏರುತ್ತ ಬಂದ ವರ್ಷಗಳಲ್ಲಿ ಬೀಳಗಿ ತಾಲೂಕಿನ ಹೊಳೆದಂಡೆಯ ಊರುಗಳು ಒಂದೊಂದಾಗಿ ಖಾಲಿಯಾದವು. ಆಕೆಯ ಊರು ಅನಗವಾಡಿಯಿಂದ ಸ್ವಲ್ಪ ಆಚೆಗೆ, ಕೃಷ್ಣೆಗೆ ಹತ್ತಿಕೊಂಡೇ ಇತ್ತಂತೆ. ಊರಿನ ಮಂದಿ ಹರಿದು ಹಂಚಿಹೋದರು. ಕೆಲವರು ಪುನರ್ವಸತಿ ಕೇಂದ್ರಕ್ಕೆ, ಕೆಲವರು ಮುಧೋಳ, ಜಮಖಂಡಿಯ ನೆಂಟರ ಮನೆಗಳಿಗೆ. ಆಕೆಯ ಗಂಡ ಮೊದಲೇ ತೀರಿಹೋಗಿದ್ದ. ಒಬ್ಬಳೇ ಮಗಳನ್ನು ಬೀಳಗಿ ಕಡೆಗೇ ಕೊಟ್ಟಿದ್ದಳು. ಅಳಿಯನ ಮನೆಯಲ್ಲಿ ಇರಲು ಒಪ್ಪದೆ, ಕೈಯಲ್ಲಿ ಶಕ್ತಿ ಇರುವ ತನಕ ದುಡಿದು ತಿನ್ನುತ್ತೇನೆ ಎಂದು ಮಗ್ಗದ ಊರಿಗೆ ಬಂದವಳು. ನಮ್ಮ ಹಿತ್ತಲಿನ ಖೋಲಿಯನ್ನು ಬಾಡಿಗೆಗೆ ಹಿಡಿದಳು.

ಬಂದದ್ದು ಒಂದು ಟೆಂಪೋದಲ್ಲಿ. ಅದರಲ್ಲಿ ಪಾತ್ರೆಗಳಿಗಿಂತ ದೊಡ್ಡದಾಗಿ ಕಂಡದ್ದು ಒಂದು ತೇಗದ ಬಾಗಿಲು, ಚೌಕಟ್ಟು ಸಮೇತ. ಮುಳುಗಡೆಯಾದ ಮನೆಯಿಂದ ಕಿತ್ತು ತಂದದ್ದು. ಅದು ನಮ್ಮ ಖೋಲಿಯ ಗೋಡೆಗಿಂತ ಎತ್ತರವಿತ್ತು. ಇಳಿಸಿದವರು ಎಲ್ಲಿ ಇಡಬೇಕು ಎಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು. ಆಕೆ ನನ್ನ ಹೆಂಡತಿಯ ಕಡೆ ತಿರುಗಿ, "ಬಾಗಲಾ ನಾ ತಂದೀನಿ, ಮನಿ ನೀವ ಕೊಡ್ರಿ" ಎಂದಳು. ಅದೇ ಮೊದಲ ಮಾತು. ಇಬ್ಬರೂ ಅಂದಿನಿಂದ ಗೆಳತಿಯರು.

ಜೋಳ ಕೊಯ್ದ ಕೈ. ನೂಲು ಹಿಡಿದರೆ ಹರಿಯುತ್ತಿತ್ತು. ಮಗ್ಗದಲ್ಲಿ ಅಡ್ಡಕ್ಕೆ ಓಡುವ ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗೆ ನೂಲು ಸುತ್ತುವುದನ್ನು ನನ್ನ ಹೆಂಡತಿ ಕಲಿಸಿದಳು. ಮೊದಲ ದಿನಗಳಲ್ಲಿ ಆಕೆ ಸುತ್ತಿದ್ದಕ್ಕಿಂತ ಹರಿದದ್ದೇ ಹೆಚ್ಚು. "ನನ್ನ ಕೈಗೆ ಎಳಿ ಅಂದ್ರ ಕಣಿಕಿ ಅಂತ ತಿಳೀತೈತಿ, ಏನ್ ಮಾಡ್ಲಿ" ಎಂದು ಜೋಳದ ದಂಟಿನ ಮೇಲೆ ತಪ್ಪು ಹೊರಿಸುತ್ತಿದ್ದಳು. ಕಲಿತ ಮೇಲೂ ಬಹಳ ನಾಜೂಕಿನ ಕೆಲಸಗಾರ್ತಿ ಆಗಲಿಲ್ಲ. ಮಾತು ರಂಗೇರಿದರೆ ನೂಲು ಸಡಿಲಾಗುತ್ತಿತ್ತು. ಮಗ್ಗದ ಮೇಲೆ ಕೂತ ನನಗೆ ಕಂಡಿಕೆಯ ಮೇಲಿನ ಸಡಿಲು ನೋಡಿಯೇ ಆಕೆ ಎಷ್ಟು ನಕ್ಕಿದ್ದಾಳೆ ಎಂದು ತಿಳಿಯುತ್ತಿತ್ತು.

ನನಗಿಂತ ಆರೇಳು ವರ್ಷ ದೊಡ್ಡವಳು. ನನ್ನ ವಯಸ್ಸಿನ ನೇಕಾರರಲ್ಲಿ ಮ್ಯಾಟ್ರಿಕ್ ಪಾಸಾದವನು ಓಣಿಗೆ ನಾನೊಬ್ಬನೇ. ಆ ಒಂದು ಕಾರಣಕ್ಕೆ ಮಂದಿ ನನ್ನ ಮಾತಿಗೆ ಬೆಲೆ ಕೊಡುತ್ತಿದ್ದರು. ಜಗಳ ಬಂದರೆ ಕರೆಯುತ್ತಿದ್ದರು, ಅರ್ಜಿ ಬರೆಸುತ್ತಿದ್ದರು. ಆಕೆ ಮಾತ್ರ ಅದನ್ನು ಕಾಲೆಳೆಯಲು ಬಳಸಿಕೊಂಡಳು. "ಏ ಮ್ಯಾಟ್ರಿಕ್, ಇವತ್ತ ಮಳಿ ಬರತೈತೇನು ನೋಡಿ ಹೇಳೋ" ಎಂದು ಓಣಿಯ ಆ ತುದಿಯಿಂದ ಕೂಗುತ್ತಿದ್ದಳು. ಮ್ಯಾಟ್ರಿಕ್ ಎಂದರೆ ಆಕಾಶ ಓದುವ ಪರೀಕ್ಷೆ ಎಂಬಂತೆ.

ಆಕೆ ಬಂದ ಮರುವರ್ಷ ಬಾವಲಿಗಳು ಬಂದವು.

ನಮ್ಮ ಓಣಿಯ ಹಿಂದೆ ಬಾವಿಯ ಪಕ್ಕ ಒಂದು ಹಳೆಯ ಹುಣಸೆಮರವಿತ್ತು. ಅದು ಯಾರೊಬ್ಬರದೂ ಅಲ್ಲ, ಓಣಿಯದು. ಹುಣಸೆಹಣ್ಣು ಬಿದ್ದಾಗ ಎಲ್ಲ ಮನೆಯವರೂ ಪಾಲು ಹಾಕಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನೀರಿಗೆ ಹೋದ ಹೆಂಗಸರು ಕಿರುಚಿಕೊಂಡು ಓಡಿಬಂದರು. ಮರದ ತುಂಬ ದೊಡ್ಡ ಬಾವಲಿಗಳು, ಒಣಹಾಕಿದ ಕರಿಯ ಅರಿವೆಗಳ ಹಾಗೆ ಜೋತುಬಿದ್ದಿದ್ದವು. ಕೆಲವರು ಅಪಶಕುನ ಎಂದರು, ಕೆಲವರು ನಾತ ಎಂದರು. ಎರಡನೆಯದು ನಿಜವೇ ಆಗಿತ್ತು. ಮುಳುಗಡೆ ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ನೆಂಟರನ್ನು ಬಾಗಿಲಲ್ಲಿ ಮಾತಾಡಿಸುವ ದನಿಯಲ್ಲಿ, "ಬಂದ್ರೇನು? ಭಾಳ ತಡಾ ಮಾಡಿದ್ರಿ" ಎಂದಳು.

ಅವು ತನ್ನೂರಿನ ಬಾವಲಿಗಳು ಎಂಬುದರಲ್ಲಿ ಆಕೆಗೆ ಸಂಶಯವೇ ಇರಲಿಲ್ಲ. ಊರ ಹೊಳೆಯ ದಂಡೆಯಲ್ಲಿ ಒಂದು ದೊಡ್ಡ ಆಲದಮರವಿತ್ತಂತೆ. ನೀರು ಬರುವ ಮೊದಲು ಅದನ್ನು ಕಡಿದರಂತೆ. "ಇವೂ ಮುಳುಗಡಿ ಮಂದಿನ" ಎಂದಳು.

"ಹೆಂಗ ಗೊತ್ತಾತಕ್ಕಾ? ರೇಶನ್ ಕಾರ್ಡ್ ತೋರಿಸಿದ್ವೇನು?" ಎಂದು ಕೇಳಿದೆ.

"ಆ ನಡುವಿನ ಟೊಂಗಿ ತುದಿಗೆ ಒಂದ ಐತಿ ನೋಡು, ಎಡಕಿನ ರೆಕ್ಕಿ ಹರದದ್ದು. ನಮ್ಮೂರ ಗಿಡದಾಗೂ ಅದು ಹಂಗ ತುದೀಗೆ ಇರತಿತ್ತು. ಜಗಳಗಂಟಿ, ಯಾರನ್ನೂ ಬಾಜೂಕ ಕುಂಡ್ರಗೊಡಾಂಗಿಲ್ಲ."

ನಾನು ನೋಡಿದೆ. ನಿಜಕ್ಕೂ ಒಂದರ ರೆಕ್ಕೆ ಹರಿದಿತ್ತು. ರೆಕ್ಕೆ ಹರಿದ ಬಾವಲಿಗಳು ಲೋಕದಲ್ಲಿ ಎಷ್ಟಿರುತ್ತವೋ. ಆದರೆ ಆಕೆ ಅಷ್ಟು ಖಚಿತವಾಗಿ ಹೇಳಿದ ಮೇಲೆ ನನಗೂ ಅದು ಎಲ್ಲೋ ನೋಡಿದ ಮುಖ ಅನಿಸತೊಡಗಿತು. ಊರು ಹೋದ ಮೇಲೆ ಆಕೆಯ ಊರಿನವರು ಎಂದು ಒಂದೇ ಕಡೆ ಕೂಡಿ ಉಳಿದದ್ದು ಇವು ಮಾತ್ರ. ಮಿಕ್ಕವರನ್ನೆಲ್ಲ ಮದುವೆಯಲ್ಲೋ ಮಣ್ಣಿನಲ್ಲೋ ಒಬ್ಬೊಬ್ಬರಾಗಿ ನೋಡಬೇಕು. ಇದನ್ನು ಆಕೆ ಹೇಳಿದ್ದು ಒಂದೇ ಸಲ, ನನ್ನ ಹೆಂಡತಿಯ ಮುಂದೆ, ನಗದೆ.

ಕೋಗಿಲೆಗೂ ಬಾವಲಿಗೂ ಹೋಲಿಕೆ ಹಾಕುವ ಚಟ ಆಕೆಗೆ ಅಂಟಿದ್ದು ನನ್ನ ಹೆಂಡತಿಯಿಂದ. ಇವಳಿಗೆ ಕೋಗಿಲೆ ಎಂದರೆ ಪ್ರೀತಿ. ಕೋಗಿಲೆ ಕೂಗಿದರೆ ಮೈ ಹಗುರಾಗುತ್ತದೆ, ನಿನ್ನ ಬಾವಲಿಗಳು ಕಿಚಪಿಚ ಅಂದರೆ ನಮ್ಮ ಓಣಿಯವರು ನಳದ ಮುಂದೆ ಜಗಳಾಡಿದ ಹಾಗೆ ಕೇಳಿಸುತ್ತದೆ ಎಂದು ಇವಳು ಒಮ್ಮೆ ಅಂದಳು. ಆಕೆ ಬಿಡಲಿಲ್ಲ. "ಜಗಳಾಡೂ ಮನ್ಯಾಗ ಮಂದಿ ಇರತಾರ ನೋಡವ್ವಾ. ಹಾಡೂದು ಒಂಟ್ಯಾಗಿ ಬಂದು ಒಂಟ್ಯಾಗಿ ಹೋಗತೈತಿ."

ಅಲ್ಲಿಂದ ಶುರುವಾಯಿತು. ಎರಡೂ ತಿನ್ನುವುದು ಅದೇ ಹಣ್ಣು: ಆಲ, ಅತ್ತಿ, ನೇರಳೆ. ಆದರೆ ತಿನ್ನುವ ರೀತಿ ನೋಡಿರಿ ಎನ್ನುತ್ತಿದ್ದಳು. ಬಾವಲಿ ಕಬ್ಬು ತಿಂದ ಹಾಗೆ ತಿನ್ನುತ್ತದೆ, ಅಗಿದು, ರಸ ಹೀರಿ, ಸಿಪ್ಪೆ ಉಗುಳುತ್ತದೆ. ಕೋಗಿಲೆ ಗುಳಿಗೆ ನುಂಗಿದ ಹಾಗೆ ಇಡೀ ಹಣ್ಣನ್ನು ನುಂಗಿ ಎದ್ದು ಹೋಗುತ್ತದೆ, ರುಚಿಯಾದರೂ ಹತ್ತುತ್ತದೋ ಇಲ್ಲವೋ. ಹುಣಸೆಮರದ ಕೆಳಗೆ ಬಿದ್ದ ನಾರಿನ ಉಂಡೆಗಳನ್ನು ತಂದು, ಗಾಣದ ಮನೆಯ ಸಿಪ್ಪೆಗೂ ಇದಕ್ಕೂ ಏನು ಭೇದ ಹೇಳಿರಿ ಎಂದು ನಮ್ಮ ಅಂಗೈ ಮೇಲೆ ಇಡುತ್ತಿದ್ದಳು. ಕೋಗಿಲೆ ಎಲೆಗಳ ನಡುವೆ ಅವಿತುಕೊಂಡು ದನಿ ಮಾತ್ರ ತೋರಿಸುತ್ತದೆ. ಬಾವಲಿ ಬಯಲಿನಲ್ಲಿ ಇದ್ದದ್ದು ಇದ್ದ ಹಾಗೆ ಜೋತುಬೀಳುತ್ತದೆ, ಚೆಂದವಿಲ್ಲ ಎಂಬ ನಾಚಿಕೆ ಇಲ್ಲ. ಸಂಜೆ ಅವು ಹೊಳೆಯ ಕಡೆ ಹಾರುವಾಗ ನೀರು ಕುಡಿಯುವ ಬಗೆಯನ್ನು ಆಕೆ ಕೈಯಲ್ಲೇ ಮಾಡಿ ತೋರಿಸುತ್ತಿದ್ದಳು. ಬಾಯಿ ಹಾಕುವುದಿಲ್ಲ, ಹಾರುತ್ತಲೇ ಎದೆಯನ್ನು ನೀರಿಗೆ ತಾಗಿಸಿ, ಆಮೇಲೆ ಎದೆಯ ಕೂದಲು ನೆಕ್ಕುತ್ತವೆ. ಆದರೆ ಆಕೆಯ ದೊಡ್ಡ ವಾದ ಮಕ್ಕಳದು. ಕೋಗಿಲೆ ಕಾಗೆಯ ಗೂಡಿನಲ್ಲಿ ತತ್ತಿ ಇಟ್ಟು ಹೋಗುತ್ತದೆ. ಬಾವಲಿ ಮರಿಯನ್ನು ಎದೆಗೆ ಅವಚಿಕೊಂಡು ಹಾರುತ್ತದೆ. "ಅದಕ್ಕ ತೊಟ್ಟಿಲಾ ಬ್ಯಾಡ, ಹಾಸಗಿ ಬ್ಯಾಡ. ಮೈನ ಮನಿ."

ಆದರೂ ಕೋಗಿಲೆಯ ಮೇಲೆ ಆಕೆಗೆ ದ್ವೇಷವಿರಲಿಲ್ಲ. ಒಂದು ಮಧ್ಯಾಹ್ನ ಅದು ಬಿಸಿಲಿನಲ್ಲಿ ಒಂದೇ ಸಮನೆ ಕೂಗುತ್ತಿತ್ತು. ಬೈಯಲು ಬಾಯಿ ತೆರೆದವಳು ಸುಮ್ಮನಾಗಿ, "ಪಾಪ, ಅದಕ್ಕ ತನ್ನ ಕೂಸಿನ ಮಾರಿನ ಗೊತ್ತಿಲ್ಲ. ಅದಕ್ಕ ಕರ್ಯಾಕತ್ತೈತೋ ಏನೋ" ಎಂದಳು. ನಾನು ನನ್ನ ವಿದ್ಯೆ ತೋರಿಸಿದೆ. ಹಾಗೆ ಕೂಗುವುದು ತಾಯಿಯಲ್ಲ, ಗಂಡು ಕೋಗಿಲೆ ಎಂದು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ.

"ಹೌದೇನು? ಹಂಗಾರ ಅಪ್ಪ ಹುಡಕಾಕತ್ತಾನ" ಎಂದಳು ಆಕೆ, ಒಂದು ಕ್ಷಣವೂ ತಡೆಯದೆ.

ಇನ್ನು ನನ್ನ ಮಾತು.

ಊರಿನಲ್ಲಿ ಕೈಮಗ್ಗಗಳು ನಿಲ್ಲುತ್ತಿದ್ದವು, ಪವರ್‌ಲೂಮ್‌ಗಳ ಸದ್ದು ಹೆಚ್ಚುತ್ತಿತ್ತು. ನಾನೂ ಒಂದು ಶೆಡ್ ಕಟ್ಟಬೇಕೆಂದಿದ್ದೆ. ಹಿತ್ತಲಲ್ಲಿ ಜಾಗವಿತ್ತು, ಆದರೆ ಹುಣಸೆಮರದ ಬೇರು, ಟೊಂಗೆ ಎರಡೂ ಅದರೊಳಗೆ ಚಾಚಿದ್ದವು. ಮರ ಹೋದರೆ ಶೆಡ್ಡು, ಇಲ್ಲದಿದ್ದರೆ ಇಲ್ಲ. ಓಣಿಯ ಮರವಾದ್ದರಿಂದ ಎಲ್ಲರೂ ಒಪ್ಪಬೇಕು. ಎರಡು ಸಲ ಮಾತೆತ್ತಿ ನೋಡಿದ್ದೆ. ಪಾಲಿನ ಹುಣಸೆಹಣ್ಣನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ.

ಹಾಸು ಎಂದರೆ ಸೀರೆಯ ಉದ್ದ ಎಳೆಗಳು. ಅವಕ್ಕೆ ಗಂಜಿ ಹಚ್ಚುವುದು ನಮ್ಮಲ್ಲಿ ಬೀದಿಯ ಕೆಲಸ. ಬೆಳಗಿನ ಹೊತ್ತು ಓಣಿಯ ಉದ್ದಕ್ಕೂ ಎಳೆಗಳನ್ನು ಚಾಚಿ ಕಟ್ಟಿ, ಕುಂಚದಿಂದ ಗಂಜಿ ತೀಡಿ, ಎಳೆಬಿಸಿಲಿಗೆ ಒಣಗಿಸಿ, ಬಿಸಿಲು ಬಲಿಯುವ ಮೊದಲು ಸುತ್ತಿಬಿಡಬೇಕು. ಒಬ್ಬರ ಹಾಸು ಬಿದ್ದರೆ ಓಣಿಯವರೆಲ್ಲರ ಕೈ. ಒಂದು ಬೇಸಿಗೆಯ ಕೊನೆಯಲ್ಲಿ ಎದುರು ಮನೆಯ ತರುಣನ ಹಾಸು ಹೊರಗೆ ಬಿದ್ದಿತ್ತು. ಹೊಸದಾಗಿ ತಂದೆಯಿಂದ ಬೇರೆಯಾಗಿ ಸ್ವಂತ ಮಗ್ಗ ಹೂಡಿದ ಹುಡುಗ. ಅರಿಸಿನ ಬಣ್ಣದ ನೂಲು, ಮದುವೆ ಸೀರೆಗಳದು. ಅವನು ಇನ್ನಷ್ಟು ಗಂಜಿ ತರಲು ಒಳಗೆ ಹೋದ. ಉಳಿದವರು ಚಹಾಕ್ಕೆ ಹೋಗಿದ್ದರಿಂದ ನಾನೊಬ್ಬನೇ ಕುಂಚ ಹಿಡಿದು ನಿಂತಿದ್ದೆ. ಹೊತ್ತು ಆಗಲೇ ಮೂಡಿತ್ತು. ಮೇಲಿನ ತಂತಿಯ ಮೇಲೆ ಒಂದು ಕರಿಯ ಕೋಗಿಲೆ ಬಂದು ಕೂತಿತು. ಕೆಂಪು ಕಣ್ಣು ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ. ಅಷ್ಟು ಬಯಲಿನಲ್ಲಿ ಅದು ಕೂತದ್ದನ್ನು ನಾನು ನೋಡಿರಲಿಲ್ಲ, ಹಾಗಾಗಿ ನೋಡುತ್ತ ನಿಂತೆ. ಅದು ಬಾಲ ಎತ್ತಿ ಹೇತು ಹಾರಿಹೋಯಿತು. ಎಲ್ಲೋ ನೇರಳೆಹಣ್ಣು ತಿಂದು ಬಂದಿತ್ತು. ಹಸಿ ಗಂಜಿಯಲ್ಲಿ ನೇರಳೆಬಣ್ಣ ಎಳೆಯಿಂದ ಎಳೆಗೆ ಹರಡುತ್ತ ಹೋಯಿತು.

ತರುಣ ಹೊರಗೆ ಬಂದು ನೋಡಿ, ಗಂಜಿಯ ಪಾತ್ರೆಯನ್ನು ನೆಲಕ್ಕೆ ಕುಕ್ಕಿ, "ಆ ಮುಳುಗಡಿ ಬಾವಲಿಗೋಳು" ಎಂದು ಹಲ್ಲು ಕಡಿದ.

ಅಲ್ಲ ಎನ್ನಲು ನನಗೆ ಒಂದು ಉಸಿರಿನಷ್ಟು ಹೊತ್ತು ಸಾಕಾಗಿತ್ತು. ಕುಂಚವನ್ನು ಒರೆಸುತ್ತ ಆ ಹೊತ್ತನ್ನು ಕಳೆದೆ. ಕೋಗಿಲೆ ಮಾಡಿದ ಕಲೆಗೆ ಯಾರೂ ಮರ ಕಡಿಯುವುದಿಲ್ಲ.

ಅವತ್ತು ಸಂಜೆ ಓಣಿಗೆ ನ್ಯಾಯ ಹೇಳುವ ಹಿರಿಯರೊಬ್ಬರ ಮನೆಯ ಕಟ್ಟೆಯ ಮೇಲೆ ಎಲ್ಲರೂ ಕೂಡಿದರು. ತರುಣ ಕೆಟ್ಟ ಎಳೆಗಳನ್ನು ತಂದು ಮುಂದಿಟ್ಟ. ಮರ ಕಡಿಯಬೇಕು ಎಂದ. ಮುಳುಗಡೆ ಅಕ್ಕ ಹೆಂಗಸರ ಗುಂಪಿನಿಂದ ಎದ್ದು ಮುಂದೆ ಬಂದಳು. ಹಾಸು ಹೊರಗೆ ಹಾಕಿದ್ದು ಹೊತ್ತು ಮೂಡಿದ ಮೇಲೆ, ಆಗ ಬಾವಲಿ ಜೋತುಬಿದ್ದು ಮಲಗಿರುತ್ತದೆ, ಹುಣಸೆಮರ ಇರುವುದು ಓಣಿಯ ಹಿಂದೆ, ಹಾಸು ಇದ್ದದ್ದು ಮುಂದೆ ಎಂದು ಒಂದೊಂದಾಗಿ ಹೇಳಿದಳು. ಹಿಂದಿನಿಂದ ಯಾರೋ, "ದಿಕ್ಕೆಟ್ಟು ಬಂದದ್ದಕ್ಕ ಹಗಲ್ಯಾವುದು ರಾತ್ರಿ ಯಾವುದು" ಎಂದರು. ನಗೆ ಎದ್ದಿತು. ಅದು ಬಾವಲಿಗಳಿಗೆ ಅಂದ ಮಾತಾಗಿರಲಿಲ್ಲ.

ಹಿರಿಯರು ಕೈ ಎತ್ತಿ ಸುಮ್ಮನಿರಿಸಿ, "ನೀ ಕಣ್ಣಿಂದ ನೋಡೀಯೇನವ್ವಾ?" ಎಂದು ಕೇಳಿದರು.

"ಇಲ್ರಿ. ಖರೆ ಹೇಳಬೇಕಂದ್ರ ನಾ ಆವಾಗ ಒಳಗ ಒಲಿ ಮುಂದ ಇದ್ದೆ."

"ಮತ್ತ ನೋಡಿದವರು ಯಾರದಾರ?"

ಎಲ್ಲರೂ ನನ್ನ ಕಡೆ ನೋಡಿದರು. ಹಾಸಿನ ಹತ್ತಿರ ಇದ್ದವನು ನಾನೇ, ಮ್ಯಾಟ್ರಿಕ್ ಪಾಸಾದವನೂ ನಾನೇ. ನಾನು ನೋಡಿದೆ, ಬಾವಲಿಯೇ ಎಂದೆ. ಹಿರಿಯರು ಒಳಗಿನಿಂದ ತಮ್ಮ ಮಗ್ಗದ ಲಾಳಿ ತರಿಸಿದರು. ನಮ್ಮ ಓಣಿಯಲ್ಲಿ ಆಣೆ ಎಂದರೆ ಅದೇ. ಲಾಳಿ ಮುಟ್ಟಿ ಸುಳ್ಳು ಹೇಳಿದವನ ಮಗ್ಗದಲ್ಲಿ ಎಳೆ ನಿಲ್ಲುವುದಿಲ್ಲ ಎಂದು ನಂಬಿದ ಜನ ನಾವು. ಬಳಸಿ ಬಳಸಿ ನುಣ್ಣಗಾದ ಲಾಳಿ. ನಾನು ಅದರ ಮೇಲೆ ಬಲಗೈ ಇಟ್ಟು, ಹೇಳಿದ್ದನ್ನೇ ಮತ್ತೆ ಹೇಳಿದೆ.

ಆಕೆ ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಕಂಡಿಕೆಯಲ್ಲಿ ಎಳೆ ಹರಿದಾಗ ತುದಿ ಎಲ್ಲಿ ಹೋಯಿತೆಂದು ಹುಡುಕುವ ಹಾಗೆ.

"ಆತು" ಎಂದಳು. "ಮ್ಯಾಟ್ರಿಕ್ ತಮ್ಮಾ ಲಾಳಿ ಮುಟ್ಟಿ ಹೇಳ್ಯಾನಂದ್ರ ಆತು. ಗಿಡ ನಿಮ್ಮದು, ಕಡೀರಿ. ಗಿಡದಾಗ ಮರಿ ಅದಾವು, ಹಾರಾಕ ಬರಾಂಗಿಲ್ಲ ಇನ್ನೂ. ಪಂಚಮಿ ಮಟ ತಡೀರಿ. ಇಷ್ಟ ಕೇಳತೇನಿ."

ಹಿರಿಯರು ಒಪ್ಪಿದರು. ನಾಗರ ಪಂಚಮಿ ಕಳೆಯಲಿ, ಆಮೇಲೆ ಕಡಿಯಿರಿ ಎಂದರು. ಮನೆಗೆ ಬಂದಾಗ ಹೆಂಡತಿ ಕೈಕಾಲಿಗೆ ನೀರು ಕೊಟ್ಟು, "ಲಾಳಿ ಮುಟ್ಟೂದು ಬೇಕಿತ್ತೇನ್ರಿ?" ಎಂದಳು. ಅವಳಿಗೆ ಹೇಗೆ ತಿಳಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಪಂಚಮಿಯ ತನಕವೂ ತಡೆಯಲಿಲ್ಲ. ಮಳೆ ಹಿಡಿದರೆ ಶೆಡ್ಡಿನ ಪಾಯ ತೋಡಲಾಗುವುದಿಲ್ಲ ಎಂಬುದು ಒಂದು ನೆಪ. ಅಷ್ಟರೊಳಗೆ ಯಾರಾದರೂ ಮನಸ್ಸು ಬದಲಿಸಿಯಾರು ಎಂಬುದು ನಿಜವಾದ ಹೆದರಿಕೆ. ಮಗಳ ಬಾಣಂತನಕ್ಕೆಂದು ಆಕೆ ಬೀಳಗಿ ಕಡೆಗೆ ಹೋದದ್ದೇ ತಡ, ಮರ ಕಡಿಯುವವರನ್ನು ಕರೆಸಿದೆ. ಕೇಳಿದವರಿಗೆ ಹಿರಿಯರದು ಒಪ್ಪಿಗೆ ಇದೆ ಎಂದೆ. ಒಪ್ಪಿಗೆ ಇತ್ತು, ದಿನ ಬೇರೆಯಿತ್ತು. ಹಿರಿಯರು ಆ ವಾರ ತುಬಚಿಯಲ್ಲಿ ಮಗಳ ಮನೆಯಲ್ಲಿದ್ದರು.

ಮೊದಲ ಏಟಿಗೇ ಬಾವಲಿಗಳೆಲ್ಲ ಎದ್ದವು. ಹಗಲಿನ ಆಕಾಶದಲ್ಲಿ ಅಷ್ಟು ಕಪ್ಪು ರೆಕ್ಕೆಗಳನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಸಣ್ಣ ಮರಿಗಳ ತಾಯಿಗಳು ಮರಿಯನ್ನು ಎದೆಗೆ ಕಚ್ಚಿಸಿಕೊಂಡೇ ಹಾರಿದವು. ಬೆಳೆದ ಮರಿಗಳು ತಾಯಿಗೆ ಭಾರ, ತಮಗೆ ಹಾರಲು ಬಾರದು. ಅವು ಟೊಂಗೆಗೆ ಅಂಟಿಕೊಂಡೇ ಉಳಿದು, ಟೊಂಗೆಯ ಜೊತೆ ಕೆಳಗೆ ಬಂದವು. ಹಿಂಡು ಸ್ವಲ್ಪ ಹೊತ್ತು ಮೇಲೆ ಸುತ್ತಿ ಹೊಳೆಯ ದಿಕ್ಕಿಗೆ ಹೋಯಿತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಮರ ಬಿದ್ದ ದಿನದ ಸಂಜೆಯನ್ನು ಕೊನೆಗೆ ಇಟ್ಟುಕೊಂಡು. ಶೆಡ್ಡು ಎದ್ದಿತು. ನಾಲ್ಕು ಪವರ್‌ಲೂಮ್ ಕೂಡಿಸಿದೆ. ಮೊದಲ ತಿಂಗಳು ಪ್ರತಿ ಎಳೆ ಹರಿದಾಗಲೂ ಇದೇ ಇದೇ ಎಂದುಕೊಂಡೆ. ಆದರೆ ಎಲ್ಲರ ಮಗ್ಗದಲ್ಲಿ ಹರಿಯುವಷ್ಟೇ ನನ್ನಲ್ಲೂ ಹರಿದವು, ಕಟ್ಟಿದರೆ ನಿಂತವು. ನೇಯ್ಗೆ ಚೆನ್ನಾಗಿಯೇ ನಡೆಯಿತು. ಶಿಕ್ಷೆ ಬಂದಿದ್ದರೆ ಅದನ್ನು ಅನುಭವಿಸಿ ಮರೆತುಬಿಡುತ್ತಿದ್ದೆನೋ ಏನೋ. ಬರಲೇ ಇಲ್ಲ. ಹಿರಿಯರು ತಿರುಗಿ ಬಂದು ಬೋಳು ಜಾಗ ನೋಡಿದರು, ಅಲ್ಲಿಂದ ಮುಂದೆ ಯಾವ ಪಂಚಾಯಿತಿಗೂ ನನ್ನನ್ನು ಕರೆಯಲಿಲ್ಲ. ಕೋಗಿಲೆ ಬೇವಿನ ಗಿಡದಲ್ಲಿ ಕೂಗುತ್ತಲೇ ಇತ್ತು. ಎದುರು ಮನೆಯ ತರುಣನಿಗೂ ಈಗ ಕೂದಲು ನೆರೆತಿದೆ. ಅವನ ಹಾಸು ಕೆಡಿಸಿದ್ದು ಬಾವಲಿ ಎಂದೇ ಇವತ್ತಿಗೂ ನಂಬಿದ್ದಾನೆ. ಇದನ್ನು ಓದಿದರೆ ಅವನಿಗೆ ತಿಳಿಯಲಿ.

ಆಕೆ ದಸರೆಯ ತನಕ ನಮ್ಮ ಖೋಲಿಯಲ್ಲೇ ಇದ್ದಳು. ಮೊದಲಿನ ಹಾಗೇ ಮಾತಾಡಿಸುತ್ತಿದ್ದಳು. ಮ್ಯಾಟ್ರಿಕ್ ಎಂದು ಮಾತ್ರ ಕರೆಯುವುದನ್ನು ಬಿಟ್ಟಳು. ಬರಿಯ ತಮ್ಮಾ ಎನ್ನುತ್ತಿದ್ದಳು. ಆಮೇಲೆ ಮಗಳಿದ್ದ ಪುನರ್ವಸತಿ ಕೇಂದ್ರಕ್ಕೆ ಹೋದಳು. ಅದಾದ ಎಷ್ಟೋ ವರ್ಷಕ್ಕೆ ಒಮ್ಮೆ ಜಮಖಂಡಿ ಪೇಟೆಯಲ್ಲಿ ಸಿಕ್ಕಳು. ಬಹಳ ಬಾಗಿದ್ದಳು. ಹೆಂಡತಿಯನ್ನು, ಮಗ್ಗಗಳನ್ನು ವಿಚಾರಿಸಿದಳು. ನಿಮ್ಮ ಕಡೆ ಬಾವಲಿ ಬಂದಿವೆಯೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. "ಎಲ್ಲೀ ಬಾವಲಿ ತಮ್ಮಾ, ಅಲ್ಲಿ ಗಿಡಾ ಇನ್ನೂ ಸಣ್ಣೂ ಅದಾವು" ಎಂದಳು.

ಈಗ ಆ ಸಂಜೆ.

ಮರ ಉರುಳಿದ ದಿನ ಮಧ್ಯಾಹ್ನದ ಬಸ್ಸಿಗೆ ಆಕೆ ಬಂದಿಳಿದಳು. ಮಗಳಿಗೆ ಸುಸೂತ್ರ ಹೆರಿಗೆಯಾಗಿತ್ತು. ಬಾಣಂತಿಗೆ ಹಳೆಯ ಮೆತ್ತನೆಯ ಸೀರೆ ಬೇಕೆಂದು ಒಯ್ಯಲು ಬಂದಿದ್ದಳಂತೆ. ಚೀಲ ಹಿಡಿದುಕೊಂಡೇ ಹಿತ್ತಲಿಗೆ ಬಂದು ನಿಂತಳು. ಕಡಿಯುವವರು ಟೊಂಗೆ ಸವರುತ್ತಿದ್ದರು. ನಾನು ಅಲ್ಲೇ ಇದ್ದೆ. ಬೈಯುತ್ತಾಳೆ ಎಂದು ಕಾಯ್ದೆ. ಆಕೆ ಚೀಲದಿಂದ ತಾನು ಉಡುವ ಸೀರೆಯೊಂದನ್ನು ತೆಗೆದು ಕೈಗೆ ಸುತ್ತಿಕೊಂಡು, ಟೊಂಗೆಗಳ ನಡುವೆ ಬಗ್ಗಿ, ಬದುಕಿದ ಮರಿಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಯಲ್ಲಿ ಹಾಕತೊಡಗಿದಳು. ನನ್ನ ಹೆಂಡತಿ ಇನ್ನೊಂದು ಬುಟ್ಟಿ ತಂದಳು. ಸತ್ತವನ್ನು ಇವಳೇ ಬಾವಿಯ ಆಚೆ ಮಣ್ಣು ಮಾಡಿದಳು. ಮರಿಗಳಿಗೆ ನಾಯಿಮರಿಯ ಮುಖ. ಕಣ್ಣು ದೊಡ್ಡವು. ಬೆರಳು ಸಿಕ್ಕರೆ ಬಿಡುತ್ತಿರಲಿಲ್ಲ.

ಹೊತ್ತು ಇಳಿಯುವಾಗ ಆಕೆ ಹಾಸು ಚಾಚುವ ಹಗ್ಗ ಕೇಳಿದಳು. ಒಂದು ತುದಿಯನ್ನು ನಮ್ಮ ಮನೆಯ ತೊಲೆಗೆ ಕಟ್ಟಿದಳು. ಇನ್ನೊಂದು ತುದಿ ಕಟ್ಟಲು ಅಲ್ಲಿ ಏನೂ ಉಳಿದಿರಲಿಲ್ಲ. ಸುತ್ತ ನೋಡಿ, ಅದನ್ನು ನನ್ನ ಕೈಗೆ ಕೊಟ್ಟಳು.

"ದಿಮ್ಮಿ ಮ್ಯಾಲ ಹತ್ತಿ ನಿಲ್ಲು. ಕೈ ಮ್ಯಾಲ ಹಿಡಿ. ಜಗ್ಗಿ ಹಿಡಿ."

ಉರುಳಿದ ಮರದ ಮೇಲೆ ಹತ್ತಿ, ಕೈ ಎತ್ತಿ ಹಗ್ಗ ಜಗ್ಗಿ ಹಿಡಿದು ನಿಂತೆ. ಆಕೆ ಮರಿಗಳನ್ನು ಒಂದೊಂದಾಗಿ ತಂದು ಹಗ್ಗಕ್ಕೆ ಕಾಲು ಹತ್ತಿಸಿದಳು. ಅವು ತಾವಾಗಿಯೇ ತಲೆಕೆಳಗಾಗಿ ಜೋತುಬಿದ್ದು, ರೆಕ್ಕೆ ಮುಚ್ಚಿಕೊಂಡು, ಸಣ್ಣ ದನಿಯಲ್ಲಿ ಕರೆಯತೊಡಗಿದವು. ಓಣಿಯ ಮಂದಿ ಗೋಡೆಗಳ ಮೇಲಿನಿಂದ ನೋಡುತ್ತಿದ್ದರು. ಅವತ್ತು ಯಾರೂ ನಗಲಿಲ್ಲ.

ಆಕೆ ಬಂದು ನನ್ನ ಪಕ್ಕದಲ್ಲಿ, ದಿಮ್ಮಿಯ ಕೆಳಗೆ ನಿಂತಳು. ಬಾಗಿದ ತಲೆ, ಸೀರೆಗೆ ಅಂಟಿದ ಹುಣಸೆ ಎಲೆ, ಕೈಮೇಲೆ ಹಲ್ಲಿನ ಗೀರು. ಎಲ್ಲವನ್ನೂ ಹೇಳಿಬಿಡಬೇಕೆನಿಸಿತು.

"ಅಕ್ಕಾ, ಅವತ್ತ ಆ ಹಾಸಿನ ಮ್ಯಾಲ..."

"ಸುಮ್ನಿರು" ಎಂದಳು ಆಕೆ, ಮೆಲ್ಲಗೆ. "ಮಾತಾಡಿದ್ರ ತಾಯಿ ಇಳ್ಯಾಂಗಿಲ್ಲ."

ಹೊಳೆಯ ಕಡೆಯಿಂದ ಮೊದಲನೆಯದು ಬಂತು. ಮರ ಇದ್ದ ಜಾಗದ ಮೇಲೆ ಎರಡು ಮೂರು ಸುತ್ತು ಹಾಕಿತು, ಹೋಯಿತು, ತಿರುಗಿ ಬಂತು. ಹಗ್ಗ ತೂಗಿದ್ದು ಕಣ್ಣಿಗಿಂತ ಮೊದಲು ನನ್ನ ಕೈಗೆ ತಿಳಿಯಿತು. ತಾಯಿ ಮರಿಯ ಮೇಲೆ ಜೋತುಬಿದ್ದು, ಮೂಸಿ, ರೆಕ್ಕೆಯಲ್ಲಿ ಮುಚ್ಚಿತು. ಮರಿ ಹಗ್ಗ ಬಿಟ್ಟು ತಾಯಿಯ ಎದೆ ಕಚ್ಚಿತು. ಭಾರಕ್ಕೆ ತಾಯಿ ನೆಲ ಮುಟ್ಟುವಷ್ಟು ಕೆಳಗಿಳಿದು, ಹೇಗೋ ಮೇಲೆದ್ದು ಹೋಯಿತು. ಆಮೇಲೆ ಇನ್ನೊಂದು. ಆಮೇಲೆ ಬರುತ್ತಲೇ ಇದ್ದವು. ನಾನು ಎತ್ತಿದ ತೋಳು ಇಳಿಸಲಿಲ್ಲ. ಪ್ರತಿ ಸಲ ಹಗ್ಗ ಹಗುರಾದಾಗ ಆಕೆ ಉಸಿರು ಬಿಡುವುದು ನನಗೆ ಕೇಳಿಸುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಹಗ್ಗದ ಮೇಲೆ ಒಂದೇ ಮರಿ ಉಳಿದಿತ್ತು. ಸ್ವಲ್ಪ ಹೊತ್ತು ಕಾಯ್ದೆವು. ಅದರ ತಾಯಿ ಬರಲಿಲ್ಲ. ಆಕೆ ಅದನ್ನು ಬಿಡಿಸಿಕೊಂಡು, ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದಳು. ತೊಲೆಯ ಕಡೆಯ ಗಂಟು ಬಿಚ್ಚಿದಳು. ನಾನು ದಿಮ್ಮಿಯಿಂದ ಇಳಿದೆ. ಹಗ್ಗವನ್ನು ಸುತ್ತುತ್ತ ನನ್ನ ಹತ್ತಿರ ಬಂದು ನಿಂತು, ಆಕೆ ಬಹಳ ಸಮಾಧಾನದಿಂದ ಕೇಳಿದಳು.

"ಏನೋ ಹೇಳಾಕತ್ತಿದ್ದೆಲ್ಲ ತಮ್ಮಾ. ಈಗ ಹೇಳು."

ಗೋಡೆಯ ಆಚೆ ಓಣಿಯ ಮಂದಿ ಇನ್ನೂ ಚದುರಿರಲಿಲ್ಲ. ತರುಣನೂ ಅಲ್ಲೇ ಇದ್ದ.

"ಏನಿಲ್ಲಕ್ಕಾ" ಎಂದೆ.

ಆಕೆ ನಿಂತಳು. ಬಹಳ ಹೊತ್ತು ನಿಂತಳು. ನನಗೆ ಬೇಕಾದಷ್ಟು ಹೊತ್ತು ಕೊಟ್ಟಳು. ಆಮೇಲೆ ಹಗ್ಗವನ್ನು ನನ್ನ ತೋಳಿಗೆ ಹಾಕಿ, ಮರಿಯನ್ನು ಅವಚಿಕೊಂಡು ಖೋಲಿಯೊಳಗೆ ಹೋದಳು.

ಅದು ಕೋಗಿಲಿ ಇತ್ತಕ್ಕಾ. ನಾ ಕಣ್ಣಾರೆ ನೋಡಿದ್ದೆ.